ಹದಿನೈದನೇ ಟ್ಯೂಬು

“ಯಾಕೆ ಕಪ್ಪಾಗಲಿಲ್ಲ ಇದು?”

ಅರ್ಪಣಾ ಯಾರನ್ನೂ ಕೇಳಿದ್ದಲ್ಲ. ಕೊಪ್ಪದ ಆ ಸಣ್ಣ ಪ್ರಯೋಗಾಲಯದಲ್ಲಿ ಬೆಳಗಿನ ಎಂಟು ಗಂಟೆಗೆ ಅವಳ ಹೊರತು ಬೇರೆ ಯಾರೂ ಇರಲಿಲ್ಲ. ಮೇಜಿನ ಮೇಲೆ ಬೆರಳುದ್ದದ ನಾಲ್ಕು ಬಾಟಲಿಗಳು ನಿಂತಿದ್ದವು. ಕೊಪ್ಪದ ಒಂದು ಮನೆಯ ಬಾವಿಯ ನೀರು, ಜಯಪುರದ್ದು, ನರಸಿಂಹರಾಜಪುರದ ಕಡೆಯ ಇನ್ನೊಂದು ಮನೆಯದು, ಕೊನೆಯದು ಮೆಣಸೆಯದು. ಮಲದ ಅಂಶ ಸೇರಿದ ನೀರಾದರೆ ಎರಡು ದಿನದೊಳಗೆ ಬಾಟಲಿ ಮಸಿಯ ಹಾಗೆ ಕಪ್ಪಾಗುತ್ತದೆ. ಎರಡು ದಿನ ಮುಗಿದು ಮೂರನೆಯದು ಶುರುವಾಗಿತ್ತು. ನಾಲ್ಕೂ ಬಾಟಲಿಗಳು ಮೊದಲಿನ ತೆಳು ಹಳದಿಯಲ್ಲೇ ಇದ್ದವು.

ನೀರು ಚೆನ್ನಾಗಿದೆ ಎಂದು ತಿಳಿದಾಗ ಸಮಾಧಾನವಾಗಬೇಕು. ಅವಳಿಗೆ ಆಗಲಿಲ್ಲ.

ಚೈತ್ರದಿಂದ ಈಚೆಗೆ ಮೂರು ಮನೆಗಳಲ್ಲಿ ದೊಡ್ಡ ಊಟಗಳಾಗಿದ್ದವು. ಒಂದು ಗೃಹಪ್ರವೇಶ, ಒಂದು ಸೀಮಂತ, ಒಂದು ಸತ್ಯನಾರಾಯಣ ಪೂಜೆ. ಒಂದೊಂದು ಊಟ ಮುಗಿದು ಎರಡು ವಾರಕ್ಕೆ ಉಂಡವರಲ್ಲಿ ಕೆಲವರು ಜ್ವರದಿಂದ ಮಲಗಿದರು. ಟೈಫಾಯ್ಡ್. ಒಟ್ಟು ಹನ್ನೊಂದು ಜನ. ಹನ್ನೊಂದನೆಯವಳು ಶಾಂತಕ್ಕ, ಅಡುಗೆಗೆ ಕಾಯಿ ತುರಿದುಕೊಡುವ ಮುದುಕಿ. ಅವಳು ಈಗ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಳು. ಮೂರೂ ಕಡೆ ಅಡುಗೆ ಮಾಡಿದವರು ಒಬ್ಬರೇ, ಜಯಪುರದ ಸುಬ್ರಾಯ ಭಟ್ಟರು. ಅರ್ಪಣಾಳ ಸೋದರಮಾವ. ಅವಳು ಎಂಟು ವರ್ಷದವಳಿದ್ದಾಗ ತಾಯಿ ತೀರಿಕೊಂಡ ಮೇಲೆ ಅನ್ನ ಹಾಕಿ, ಜಡೆ ಹೆಣೆದು, ಓದಿಸಿ, ಈ ಕೆಲಸದವರೆಗೆ ತಂದು ಮುಟ್ಟಿಸಿದವರು ಅವರು.

ಪೇಟೆಯಲ್ಲಿ ಮಾತು ಹುಟ್ಟಿತ್ತು. ‘ಭಟ್ರ ಕೈ ಊಟ ಉಂಡವರಿಗೇ ಜ್ವರ ಬಪ್ಪದಂತೆ’ ಎಂದು ಯಾರೋ ಹೇಳಿದ್ದು ಬಸ್‌ಸ್ಟ್ಯಾಂಡಿನಲ್ಲಿ ಅವಳ ಕಿವಿಗೇ ಬಿದ್ದಿತ್ತು. ಬಾವಿಯೊಂದು ಕೆಟ್ಟಿದ್ದರೆ ಮಾವನ ಹೆಸರು ಉಳಿಯುತ್ತಿತ್ತು. ಅದಕ್ಕೇ ಅವಳು ಎರಡು ದಿನದಿಂದ ಬಾಟಲಿಗಳ ಮುಂದೆ ನಿಂತು, ಕಪ್ಪಾಗಲಪ್ಪ ಎಂದು ದೇವರನ್ನು ಬೇಡಿದ್ದು.

ಪರೀಕ್ಷಾ ವಾಹನದ ಚಾಲಕ ಮುಬಶಿರ್ ಚಹಾದ ಎರಡು ಲೋಟ ಹಿಡಿದು ಬಂದ. ಐವತ್ತು ದಾಟಿದವನು. ಊರೂರಿನ ಹಾಲು, ಎಣ್ಣೆ, ಮೀನು, ಬೇಕರಿ ತಿಂಡಿಗಳ ಮಾದರಿ ತರಲು ವ್ಯಾನು ಓಡಿಸಿ ಓಡಿಸಿ ಪರೀಕ್ಷೆಗಳ ಅರ್ಧ ವಿದ್ಯೆ ಅವನಿಗೂ ಬಂದಿತ್ತು.

“ನೀರು ಪಾಸಾ ಮೇಡಂ?”

“ಪಾಸು.”

“ಪಾಸಾದ್ದಕ್ಕೆ ಹೀಗೆ ಮುಖ ಮಾಡಿದವರನ್ನ ಇವತ್ತೇ ನೋಡಿದ್ದು ಮಾರಾಯ್ರೆ. ನಮ್ಮ ಫರಹತ್ ಎಸ್ಸೆಸ್ಸೆಲ್ಸಿ ಪಾಸಾದಾಗ ನಾನು ಇಡೀ ಬೀದಿಗೆ ಸಿರಾ ಹಂಚಿದ್ದೆ. ಮೂವತ್ತೆಂಟು ಪರ್ಸೆಂಟು!”

ಅವಳು ನಗಲಿಲ್ಲ. ಅಷ್ಟರಲ್ಲಿ ಫೋನು ಬಂತು. ಮೆಣಸೆಯ ದತ್ತಮೂರ್ತಿಯವರದು. ಶುಕ್ರವಾರ ಅವರ ಮೊಮ್ಮಗ ಗುರುಕಿರಣನ ಉಪನಯನ, ಮುನ್ನೂರೆಂಬತ್ತು ಎಲೆ, ಅಡುಗೆ ಸುಬ್ರಾಯ ಭಟ್ಟರದು. ಅವರ ದನಿ ಹಿಂಜರಿಯುತ್ತ ಬಂತು.

“ಅರ್ಪಣಾ, ತಪ್ಪು ತಿಳೀಬೇಡ ತಂಗಿ. ಜನ ಒಂದೊಂದು ಹೇಳ್ತಾರೆ. ನಮ್ಮ ಬಾವಿ ನೀರು ಎಂತಾಯ್ತು?”

“ಶುದ್ಧ ಇದೆ ದತ್ತಣ್ಣ.”

“ಹಾಗಾದ್ರೆ ಭಟ್ರನ್ನ ಬದಲಾಯಿಸಬೇಕಾ? ನೀನೇ ಹೇಳು. ನೀನು ಹೇಳಿದ ಹಾಗೆ ಮಾಡೂದು.”

ಅವಳ ಕಣ್ಣು ಹಳದಿ ಬಾಟಲಿಗಳ ಮೇಲೆ ಹೋಯಿತು. ಮೂವತ್ತು ವರ್ಷ ಒಲೆಯ ಮುಂದೆ ನಿಂತ ಮನುಷ್ಯನನ್ನು ಒಂದು ಮನೆಯವರು ಬೇಡವೆಂದರೆ ನಾಳೆ ಹತ್ತು ಮನೆಯವರು ಬೇಡವೆನ್ನುತ್ತಾರೆ. ಆಮೇಲೆ ಆ ಕೈಗೆ ಬೇರೆ ಕೆಲಸ ಬಾರದು.

“ಬೇಡ. ನಾನೇ ಶುಕ್ರವಾರ ಬೆಳಿಗ್ಗೆ ಬಂದು ಅಡುಗೆಮನೆ ಪೂರ್ತಿ ತಪಾಸಣೆ ಮಾಡ್ತೇನೆ. ಭಟ್ರೇ ಮಾಡ್ಲಿ.”

“ನೀನು ಹೇಳಿದ ಮೇಲೆ ಮುಗೀತು” ಎಂದು ದತ್ತಮೂರ್ತಿ ಫೋನಿಟ್ಟರು.

ಶುಕ್ರವಾರ ಅವರು ಮೆಣಸೆ ಮುಟ್ಟಿದಾಗ ಆರೂವರೆ. ಅಂಗಳದ ಚಪ್ಪರದಲ್ಲಿ ಹೆಂಗಸರು ಸೌತೆಕಾಯಿ ಹೆಚ್ಚುತ್ತಿದ್ದರು. ಮುಬಶಿರ್ ಗೇಟಿನ ಹತ್ತಿರ ವ್ಯಾನು ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಟ್ಯೂಬುಗಳಿಗೆ ನಂಬರು ಬರೆಯತೊಡಗಿದ. ಹದಿನೈದು ಟ್ಯೂಬು. ಯಾವುದಕ್ಕೆ ಏನು ಎಂಬ ಪಟ್ಟಿಯನ್ನು ಅರ್ಪಣಾ ಹಿಂದಿನ ದಿನವೇ ಬರೆದು ಕೊಟ್ಟಿದ್ದಳು.

ಶೀಘ್ರ ಪರೀಕ್ಷೆ ಎಂದು ಪೆಟ್ಟಿಗೆಯ ಮೇಲೆ ಅಚ್ಚಾಗಿತ್ತು. ಶೀಘ್ರವೆಂದರೆ, ಮೊದಲು ಐದು ದಿನ ಹಿಡಿಯುತ್ತಿದ್ದದ್ದು ಈಗ ಒಂದು ದಿನ. ಹತ್ತಿಯ ಕಡ್ಡಿಯಿಂದ ಒರೆಸಿದ್ದನ್ನು ಟ್ಯೂಬಿನಲ್ಲಿದ್ದ, ಕ್ರಿಮಿ ಬೆಳೆಸುವ ಸಾರಿನಲ್ಲಿ ಅದ್ದಿ ರಾತ್ರಿಯಿಡೀ ಮೈಬಿಸಿಯಷ್ಟು ಕಾವಿನಲ್ಲಿ ಇಡಬೇಕು. ಕ್ರಿಮಿ ಒಂದಿದ್ದರೆ ಕೋಟಿಯಾಗಲಿ ಎಂದು ಅದಕ್ಕೆ ಉಣಿಸುವುದು. ಮರುದಿನ ಆ ಸಾರಿನ ನಾಲ್ಕು ಹನಿಯನ್ನು ಪರೀಕ್ಷೆಯ ಕಾಗದಪಟ್ಟಿಯ ಮೇಲೆ ಬಿಟ್ಟರೆ ಹದಿನೈದು ನಿಮಿಷದಲ್ಲಿ ಉತ್ತರ. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ಇದೆ. ಇವತ್ತಿನ ಊಟಕ್ಕೆ ಇವತ್ತೇ ಉತ್ತರ ಕೊಡುವ ಪಟ್ಟಿ ಅವಳ ಹತ್ತಿರ ಇರಲಿಲ್ಲ. ಅದು ಅವಳಿಗೆ ಗೊತ್ತಿತ್ತು. ಆದರೂ ಬಂದಿದ್ದಳು, ನಾಳೆ ಹದಿನೈದು ಪಟ್ಟಿಯಲ್ಲೂ ಒಂದೊಂದೇ ಗೆರೆ ತೋರಿಸಿ ಊರಿನ ಬಾಯಿ ಮುಚ್ಚಿಸಲು.

ಬಾವಿಯ ಹಗ್ಗ ಒರೆಸಿದಳು. ಕೊಡಪಾನದ ಕಂಠ, ಈಳಿಗೆಮಣೆ, ಕಾಯಿ ತುರಿಯುವ ಮಣೆ, ಸೌಟು, ಬೇಳೆ ನೆನೆಸಿದ ಕೊಳಗ, ಕೊತ್ತಂಬರಿ ಸೊಪ್ಪು. ಹೆಚ್ಚುವ ಹೆಂಗಸರ ಕೈಗಳು. ದತ್ತಮೂರ್ತಿಯವರ ಹೆಂಡತಿ ಗಂಗಾಲಕ್ಷ್ಮಿ ಎರಡೂ ಅಂಗೈ ಚಾಚಿ ನಿಂತು, “ಕೈ ನೋಡಿ ಭವಿಷ್ಯಾನೂ ಹೇಳಿಬಿಡು ಮಾರಾಯ್ತಿ, ಒಟ್ಟಿಗೇ ಆಗ್ಲಿ” ಎಂದರು. ಎಲ್ಲರೂ ನಕ್ಕರು.

ಒಳಗೆ ಸುಬ್ರಾಯ ಭಟ್ಟರು ಒದ್ದೆ ಪಂಚೆಯಲ್ಲಿ ಹುಳಿಯ ಮುಂದೆ ನಿಂತಿದ್ದರು. ಐವತ್ತೈದರ ಗಟ್ಟಿ ಆಳು, ಎದೆಯ ಮೇಲೆ ಬೂದಿಯ ಹುಡಿ. ಬಾಯಲ್ಲಿ ಷಟ್ಪದಿ ನಡೆದಿತ್ತು. ಅವರಿಗೆ ಗಡಿಯಾರ ಬೇಡ. ಬೇಳೆಗೆ ಇಷ್ಟು ಪದ್ಯ, ಅಕ್ಕಿಗೆ ಇಷ್ಟು ಪದ್ಯ. ಅಡುಗೆಯನ್ನು ಬಾಯಿಗೆ ಹಾಕಿ ನೋಡುವ ಪದ್ಧತಿಯೂ ಇಲ್ಲ. ದೇವರಿಗೆ ಇಡುವ ಮೊದಲು ರುಚಿ ನೋಡಿದರೆ ಅದು ಎಂಜಲು. ಉಪ್ಪು ಹೆಚ್ಚೋ ಕಡಿಮೆಯೋ ಅವರಿಗೆ ಆವಿಯಲ್ಲೇ ತಿಳಿಯುತ್ತಿತ್ತು. ಪದ್ಯದ ಕೊನೆಯ ಸಾಲನ್ನು ಎಳೆದು ನಿಲ್ಲಿಸಿ ಅವಳ ಕಡೆ ನೋಡಿದರು.

“ಎಂತ ಕೂಸೆ, ನನ್ನ ಒಲೆಗೂ ಜ್ವರ ಬಂದಿದಾ?”

“ಕೈ ಕೊಡಿ ಮಾವ, ಒಂದು ಸಲ ಒರೆಸ್ತೇನೆ.”

“ಮುಟ್ಟಬೇಡ, ಮಡಿಯಲ್ಲಿದ್ದೇನೆ.”

“ನಾನು ಮುಟ್ಟೂದಿಲ್ಲ. ಹತ್ತಿ ಕಡ್ಡಿ ತಾಗೂದು, ಅಷ್ಟೆ.”

“ಕಡ್ಡಿ ಹಿಡಿದದ್ದು ನೀನೇ ಅಲ್ಲನಾ? ವ್ಯಾನಿನಲ್ಲಿ ಕೂತು ಬಂದವಳು. ಅದರ ತುದಿಗೆ ಹಚ್ಚಿದ್ದು ಎಂತ ಅಂತ ಕೇಳಿದ್ರೆ ನಿನಗೇ ಗೊತ್ತಿಲ್ಲ. ಆಮೇಲೆ ನಾನು ಮತ್ತೆ ಮೀಯೂದು, ಇಲ್ಲಿ ಹುಳಿ ತಳ ಹಿಡಿಯೂದು. ಊಟ ಆಗ್ಲಿ, ಆಮೇಲೆ ಕೈ ಯಾಕೆ, ಕಾಲೂ ಒರೆಸು.”

ಅವಳು ಕಡ್ಡಿಯನ್ನು ಹಿಂದಕ್ಕೆ ತೆಗೆದುಕೊಂಡಳು. ಬೇರೆ ಊರಿನ ತಪಾಸಣೆಯವರಾಗಿದ್ದರೆ ಜಗಳವಾಡಿ ಒರೆಸುತ್ತಿದ್ದರೋ ಏನೋ. ಅವಳು ಮಾವನ ಮನೆಯ ಅನ್ನದಲ್ಲಿ ಬೆಳೆದವಳು. ಮಡಿಯಲ್ಲಿದ್ದ ಮಾವನಿಂದ ನಾಲ್ಕು ಮಾರು ದೂರ ನಿಲ್ಲುವುದು ಅವಳಿಗೆ ಚಿಕ್ಕಂದಿನಲ್ಲೇ ಬಂದದ್ದು. ಅಲ್ಲದೆ ಬೆಳಿಗ್ಗೆಯಿಂದ ಅವರು ಎರಡು ಸಲ ಮಿಂದಿದ್ದನ್ನು ಕಂಡವರು ಹೇಳಿದ್ದರು. ಇಷ್ಟು ಜನರ ಮಧ್ಯೆ ಅವರಿಗಿಂತ ತೊಳೆದ ಮೈ ಯಾರದು?

ಹಿಂದಿನ ಬಾಗಿಲ ಹೊರಗೆ ನಲ್ಲಿಯ ಪಕ್ಕ ಗಂಗಾಲಕ್ಷ್ಮಿ ಹೊಸ ಸೋಪು ಇಟ್ಟಿದ್ದರು. ಕಾಗದ ಬಿಚ್ಚಿದ್ದರೂ ಅದು ಒಣಗಿಯೇ ಇತ್ತು. ಪಕ್ಕದಲ್ಲಿ ತೆಂಗಿನ ಗರಟೆಯಲ್ಲಿ ಹುತ್ತದ ಮಣ್ಣು. ಭಟ್ಟರು ಹಿತ್ತಲಿಗೆ ಹೋಗಿ ಬಂದರೆ ಮಣ್ಣಿನಿಂದ ಕೈ ತಿಕ್ಕಿ, ನೀರು ಹೊಯ್ದುಕೊಂಡು, ಮಿಂದು ಒಳಗೆ ಬರುವವರು. ಸೋಪಿನಲ್ಲಿ ಯಾವ ಪ್ರಾಣಿಯ ಕೊಬ್ಬು ಇದೆಯೋ, ಅದನ್ನು ಮುಟ್ಟಿದ ಕೈ ನೈವೇದ್ಯಕ್ಕೆ ಸಲ್ಲದು ಎಂಬುದು ಅವರ ಹಟ. ಅರ್ಪಣಾ ಒಣಗಿದ ಸೋಪನ್ನೂ ನೋಡಿದಳು, ಮಣ್ಣಿನ ಗರಟೆಯನ್ನೂ ನೋಡಿದಳು. ಚಿಕ್ಕಂದಿನಿಂದ ಕಂಡದ್ದು. ಕಂಡದ್ದಾದ್ದರಿಂದಲೇ ಅದು ಅವಳಿಗೆ ಕಾಣಲಿಲ್ಲ.

ಹನ್ನೊಂದಕ್ಕೆ ಕೋಸಂಬರಿ ಕಲೆಸಿದರು. ಬೆಂಕಿ ಕಾಣದ ಪದಾರ್ಥ ಅದು. ಕೊಳಗದ ತುಂಬ ಹೆಸರುಬೇಳೆ, ಸೌತೆಕಾಯಿ, ಕಾಯಿತುರಿ. ಭಟ್ಟರು ಮೊಣಕೈವರೆಗೆ ಕೈಯಿಳಿಸಿ ಮೆಲ್ಲನೆ ಮಗುಚುತ್ತಿದ್ದರು. ಸೌಟು ಹಾಕಿದರೆ ಸೌತೆ ನೀರು ಬಿಡುತ್ತದೆ ಎನ್ನುತ್ತಿದ್ದರು. ಒಂದು ಚಮಚ ಮಾದರಿ ಕೊಡಿ ಎಂದು ಕೇಳಿದಾಗ ತಲೆ ಅಲ್ಲಾಡಿಸಿದರು. ನೈವೇದ್ಯಕ್ಕೆ ಮೊದಲು ತೆಗೆಯುವ ಹಾಗಿಲ್ಲ. ಸರಿ ಎಂದು ಅವಳು ಕಾದಳು. ನೈವೇದ್ಯವಾಗಿ, ಮೊದಲ ಪಂಕ್ತಿಯ ಮೊದಲ ಎಲೆಗೆ ಬಿದ್ದದ್ದರಲ್ಲಿ ಒಂದು ಚಮಚ ತೆಗೆದು ಹದಿನಾಲ್ಕನೇ ಟ್ಯೂಬಿಗೆ ಹಾಕಿದಳು. ಆಮೇಲೆ ಅವಳೂ ಊಟಕ್ಕೆ ಕೂತಳು. ಕೋಸಂಬರಿ ಎರಡು ಸಲ ಹಾಕಿಸಿಕೊಂಡಳು. ಮುಬಶಿರನಿಗೆ ವ್ಯಾನಿಗೇ ಎಲೆ ಹೋಯಿತು. ಸಕ್ಕರೆ ಕಾಯಿಲೆಯವನಾದ ಅವನು ಹೋಳಿಗೆಯನ್ನು ಮಾತ್ರ ಮನೆಗೆ ಕಟ್ಟಿಕೊಂಡ.

ಊಟವಾದ ಮೇಲೆ ಭಟ್ಟರು ಚಪ್ಪರದ ಮೂಲೆಯಲ್ಲಿ ಚಾಪೆ ಹಾಸಿ ಮಲಗಿಬಿಟ್ಟಿದ್ದರು. ಅವರನ್ನು ಎಬ್ಬಿಸಲು ಅವಳಿಗೆ ಮನಸ್ಸು ಬರಲಿಲ್ಲ.

ಶನಿವಾರ ಮಧ್ಯಾಹ್ನ ಅವಳು ಪಟ್ಟಿಗಳನ್ನು ಸಾಲಾಗಿ ಜೋಡಿಸಿ ಹನಿ ಬಿಟ್ಟಳು. ಒಂದರಿಂದ ಹದಿಮೂರರವರೆಗೆ ಒಂದೊಂದೇ ಗೆರೆ. ಹಗ್ಗ, ಕೊಡಪಾನ, ಈಳಿಗೆ, ಸೊಪ್ಪು, ಬೇಳೆ, ಹೆಂಗಸರ ಕೈ, ಯಾವುದರಲ್ಲೂ ಏನೂ ಇಲ್ಲ. ಹದಿನಾಲ್ಕನೆಯದರಲ್ಲಿ ಮೇಲಿನ ಗೆರೆ ಮೂಡಿತು. ಸ್ವಲ್ಪ ಹೊತ್ತಿಗೆ ಅದರ ಕೆಳಗೆ ಇನ್ನೊಂದು, ಕುಂಕುಮದ ನೀರಿನಲ್ಲಿ ಎಳೆದಷ್ಟು ತೆಳ್ಳಗೆ, ಆಮೇಲೆ ದಟ್ಟವಾಗಿ.

ಇನ್ನೊಂದು ಪಟ್ಟಿ ತೆಗೆದು ಮತ್ತೆ ಬಿಟ್ಟಳು. ಮತ್ತೆ ಎರಡು ಗೆರೆ.

ಅವಳಿಗೆ ಅರ್ಥವಾಗಲಿಲ್ಲ. ಕೋಸಂಬರಿಗೆ ಹೋದದ್ದೆಲ್ಲ ಶುದ್ಧ. ಅದನ್ನು ಹಾಕಿಟ್ಟ ಕೊಳಗ ಶುದ್ಧ. ಶುದ್ಧಕ್ಕೆ ಶುದ್ಧ ಸೇರಿ ಇದು ಎಲ್ಲಿಂದ ಬಂತು? ಒರೆಸಿದ್ದರ ಹೆಸರುಗಳನ್ನು ಒಂದರಿಂದ ಹದಿನಾಲ್ಕರವರೆಗೆ ಬೆರಳಿಟ್ಟು ಓದಿದಳು.

ಮುಬಶಿರ್ ಖಾಲಿ ಪೆಟ್ಟಿಗೆಗಳನ್ನು ಒಳಗಿಡುತ್ತಿದ್ದವನು ನಿಂತ.

“ಮೇಡಂ, ಇದೊಂದು ಟ್ಯೂಬು ಖಾಲಿ ಉಳಿದಿದೆ. ಹದಿನೈದು. ವಾಪಸು ಕಪಾಟಿಗೆ ಇಡ್ಲಾ?”

“ಅದು ಯಾವುದಕ್ಕೆ?”

“ನೀವೇ ಬರೆದದ್ದಲ್ಲ, ‘ಭಟ್ಟರ ಕೈ’ ಅಂತ.”

ಅವನು ಸಹಜವಾಗಿ ಹೇಳಿದ್ದ. ಹೇಳಿದ ಮೇಲೆ ಅವಳ ಮುಖ ನೋಡಿ, ಮೇಜಿನ ಮೇಲಿನ ಎರಡು ಗೆರೆಯನ್ನು ನೋಡಿ, ಟ್ಯೂಬನ್ನು ನಿಧಾನವಾಗಿ ಅವಳ ಮುಂದಿಟ್ಟ. “ಯಾ ಅಲ್ಲಾ” ಎಂದು ತನ್ನೊಳಗೇ ಅಂದುಕೊಂಡ. ಆಮೇಲೆ ಬಾಗಿಲ ಹತ್ತಿರ ಹೋಗಿ ಹೊರಗೆ ಮುಖ ಮಾಡಿ ನಿಂತ.

ಅಡುಗೆಮನೆಯಲ್ಲಿ ಅವಳು ಮುಟ್ಟದೆ ಬಿಟ್ಟದ್ದು ಒಂದೇ. ಕೋಸಂಬರಿಯನ್ನು ಮುಟ್ಟಿದ್ದೂ ಅದೊಂದೇ.

ಅತ್ತು ಕೂರಲು ಹೊತ್ತಿರಲಿಲ್ಲ. ಮೊದಲು ವೈದ್ಯಾಧಿಕಾರಿಗೆ ಫೋನು ಮಾಡಿದಳು. ಮಾದರಿಯನ್ನು ಖಚಿತ ಮಾಡಲು ಶಿವಮೊಗ್ಗಕ್ಕೆ ಕಳಿಸಿದಳು. ದತ್ತಮೂರ್ತಿಯವರಿಂದ ಉಂಡವರ ಹೆಸರು ಬರೆಸಿಕೊಂಡು, ಮುನ್ನೂರೆಂಬತ್ತು ಜನರಲ್ಲಿ ಸಿಕ್ಕಿದವರಿಗೆಲ್ಲ ಹೇಳಿದಳು: ಒಂದು ತಿಂಗಳವರೆಗೆ ಜ್ವರ ಬಂದರೆ ಒಂದು ದಿನವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ದತ್ತಮೂರ್ತಿ ಬೈಯಲಿಲ್ಲ. “ನೀನು ಹೇಳಿದ್ದಕ್ಕೇ ಭಟ್ರನ್ನ ಇಟ್ಟುಕೊಂಡದ್ದು ತಂಗಿ” ಎಂದಷ್ಟೇ ಹೇಳಿದರು. ಅದಕ್ಕಿಂತ ಬೈಗುಳವೇ ಹಗುರವಾಗಿತ್ತು.

ಸಂಜೆ ಜಯಪುರಕ್ಕೆ ಹೋದಳು. ಭಟ್ಟರದು ಪೇಟೆಬೀದಿಯಲ್ಲಿ ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಮೆಟ್ಟಿಲು ಹತ್ತುವಾಗ ಕೆಳಗೆ ಯಂತ್ರ ಒಂದೇ ಕಾಗದವನ್ನು ಮತ್ತೆ ಮತ್ತೆ ಉಗುಳುವ ಸದ್ದು ಕೇಳುತ್ತಿತ್ತು. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದಳು. ಕೆಲವರಿಗೆ ಈ ಜ್ವರ ಬಂದು ವಾಸಿಯಾದ ಮೇಲೂ ಕ್ರಿಮಿ ಪಿತ್ತಕೋಶದಲ್ಲಿ ಮನೆ ಮಾಡಿಕೊಂಡು ಕೂರುತ್ತದೆ. ಅವರಿಗೆ ಏನೂ ಆಗುವುದಿಲ್ಲ, ಗಟ್ಟಿಮುಟ್ಟಾಗಿ ಇರುತ್ತಾರೆ. ಕ್ರಿಮಿ ವರ್ಷಗಟ್ಟಲೆ ಅಡಗಿದ್ದು ಮತ್ತೆ ಹೊರಬೀಳಲೂಬಹುದು. ಹೊಟ್ಟೆಯಿಂದ ಹೊರಗೆ ಬಂದದ್ದು ಕೈಗೆ, ಕೈಯಿಂದ ಅನ್ನಕ್ಕೆ. ಬಿಸಿ ಮಾಡಿದ್ದರಲ್ಲಿ ಸಾಯುತ್ತದೆ, ಹಸಿಯದರಲ್ಲಿ ಉಳಿಯುತ್ತದೆ. ನೀರು ಮತ್ತು ಮಣ್ಣಿಗೆ ಸುಲಭವಾಗಿ ಹೋಗುವುದಿಲ್ಲ.

ಭಟ್ಟರು ಗೋಡೆಗೆ ಒರಗಿ ಕೂತು ಎಲ್ಲವನ್ನೂ ಕೇಳಿದರು.

“ನಿಮಗೆ ಯಾವಾಗಾದ್ರೂ ಟೈಫಾಯ್ಡ್ ಬಂದಿತ್ತಾ ಮಾವ?”

“ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ. ಇಪ್ಪತ್ತೊಂದು ದಿನ ಮಲಗಿದ್ದೆ. ಕೂದಲೆಲ್ಲ ಉದುರಿತ್ತು. ಮುಂದಿನ ವರ್ಷವೇ ದೊಡ್ಡ ಅಡುಗೆಗೆ ಕೈ ಹಾಕಿದ್ದು.” ಸ್ವಲ್ಪ ತಡೆದು ಕೇಳಿದರು. “ಶಾಂತಕ್ಕನಿಗೆ ನನ್ನಿಂದಲಾ?”

“ಇನ್ನೂ ಖಚಿತ ಇಲ್ಲ. ಪರೀಕ್ಷೆ ಆಗ್ಬೇಕು.”

“ಪ್ರತಿ ಸಲ ಕೊಳಗದ ತಳದ ಕೊನೇ ಹಿಡಿ ಅವಳಿಗೆ. ‘ಎಲೆಗೆ ಹಾಕಬೇಡ ಸುಬ್ರಾಯ, ಕೈಗೇ ಹಾಕು’ ಅಂತ ಅಂಗೈ ಒಡ್ಡೂದು. ನನ್ನ ಕೈಯಿಂದ ಅವಳ ಕೈಗೆ.” ಅವರು ಕೈಗಳನ್ನು ತೊಡೆಯ ಮೇಲೆ ಮಗುಚಿ ಇಟ್ಟರು. “ನಿನ್ನ ಅಮ್ಮನಿಗೂ ಹೀಗೇ ಅಲ್ಲನಾ ಬಂದದ್ದು? ಮೂರು ವಾರದ ಜ್ವರ. ಆಗ ಅವಳು ನಮ್ಮಲ್ಲೇ ಇದ್ದಳು.”

ಅದು ಅವಳಿಗೆ ಬರುವಾಗ ಬಸ್ಸಿನಲ್ಲೇ ಹೊಳೆದಿತ್ತು. ಹೊಳೆದದ್ದನ್ನು ಕಿಟಕಿಯ ಹೊರಗೆ ನೋಡುತ್ತ ಅದುಮಿ ಬಂದಿದ್ದಳು.

“ಅದು ಯಾರಿಗೂ ಗೊತ್ತಿಲ್ಲ ಮಾವ. ಇನ್ನು ಗೊತ್ತಾಗೂದೂ ಇಲ್ಲ.”

“ಹೌದು” ಎಂದರು ಭಟ್ಟರು. “ಗೊತ್ತಾಗೂದಿಲ್ಲ.”

ಕೆಳಗಿನ ಯಂತ್ರ ನಿಂತಿತು. ಮಲದ ಮಾದರಿ ಬೇಕಿತ್ತು. ಮುಚ್ಚಳದ ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ಹೇಗೆಂದು ಮೆಲ್ಲನೆ ಹೇಳಿದಳು. ಆ ಮನುಷ್ಯ ಬೇಡವೆಂದು ಕೂಗಾಡಿದ್ದರೆ ಒಳ್ಳೆಯದಿತ್ತು. ಅವರು ಸರಿಯೆಂದು ತಲೆಯಾಡಿಸಿದರು.

ಮರುದಿನ ಬೆಳಗಿನ ಮೊದಲ ಬಸ್ಸಿಗೆ ಭಟ್ಟರು ಕೊಪ್ಪಕ್ಕೆ ಬಂದರು. ಡಬ್ಬಿಯನ್ನು ಮೂರು ಸುತ್ತು ಪೇಪರಿನಲ್ಲಿ ಸುತ್ತಿ ಬಟ್ಟೆಯ ಚೀಲದಲ್ಲಿ ಹಾಕಿ, ಚೀಲವನ್ನು ಮೈಗೆ ತಾಗದ ಹಾಗೆ ತೋಳು ಚಾಚಿ ಹಿಡಿದಿದ್ದರು. ಬಸ್ಸಿನಲ್ಲಿ ಜಾಗವಿದ್ದರೂ ಪೂರ್ತಿ ದಾರಿ ನಿಂತೇ ಬಂದರಂತೆ. ಕಂಡಕ್ಟರ್ ‘ಕೂತ್ಕೊಳ್ಳಿ ಭಟ್ರೇ’ ಎಂದು ಎರಡು ಸಲ ಹೇಳಿದ್ದನಂತೆ. ಪ್ರಯೋಗಾಲಯದ ಒಳಗೆ ಬರಲಿಲ್ಲ. ಅರ್ಪಣಾ ಹೊರಗೆ ಓಡಿ ಬರುವಷ್ಟರಲ್ಲಿ ಮುಬಶಿರ್ ಎರಡೂ ಕೈ ಚಾಚಿ ಚೀಲವನ್ನು ಇಸಿದುಕೊಂಡಿದ್ದ.

“ಚಹಾ ಕುಡೀರಿ ಭಟ್ರೇ, ಹೋಟ್ಲಿಂದ ತರಿಸ್ತೇನೆ.”

“ಬೇಡ ಮಾರಾಯ. ಲೋಟ ಮುಟ್ಟೂದು ಬೇಡ ನಾನು.”

ಮುಬಶಿರನಿಗೆ ಮೊದಲು ಅದು ಹಳೆಯ ಮಡಿಯ ಮಾತಿನ ಹಾಗೆ ಕೇಳಿತು. ಆಮೇಲೆ ಅಲ್ಲವೆಂದು ತಿಳಿದು ತಲೆ ತಗ್ಗಿಸಿದ.

ಫಲಿತಾಂಶ ನಾಲ್ಕು ದಿನಕ್ಕೆ ಬಂತು: ಭಟ್ಟರಲ್ಲಿ ಕ್ರಿಮಿ ಇದೆ. ಅದು ಬಂದ ದಿನವೇ ಶಿವಮೊಗ್ಗದಲ್ಲಿ ಶಾಂತಕ್ಕ ತೀರಿಕೊಂಡಳು. ಕರುಳು ತೂತಾಗಿತ್ತು, ಶಸ್ತ್ರಚಿಕಿತ್ಸೆ ತಾಳುವ ಮೈಯಲ್ಲ ಎಂದರು. ಮೆಣಸೆಯ ಊಟದವರಲ್ಲಿ ಏಳು ಜನರಿಗೆ ಜ್ವರ ಕಾಣಿಸಿತು. ಮೊದಲೇ ಎಚ್ಚರ ಹೇಳಿದ್ದರಿಂದ ಏಳೂ ಜನ ಎರಡನೇ ದಿನಕ್ಕೇ ಮಾತ್ರೆ ತೆಗೆದುಕೊಂಡು ಉಳಿದರು. ಎಂಟನೆಯವಳು ಅರ್ಪಣಾ. ಹತ್ತು ದಿನ ಮಲಗಿದ್ದಳು. ಆ ಹತ್ತು ದಿನ ಭಟ್ಟರು ಅವಳ ಬಾಗಿಲಿಗೆ ಬಂದು ಹೊರಗಿನ ಕಟ್ಟೆಯ ಮೇಲೆ ಕೂತು ಹೋಗುತ್ತಿದ್ದರು. ಗಂಜಿಯನ್ನು ಪಕ್ಕದ ಮನೆಯವರೇ ಮಾಡಿ ತರುತ್ತಿದ್ದರು.

ವರದಿಯಲ್ಲಿ ಹೆಸರು ಇರಲಿಲ್ಲ, ‘ಆಹಾರ ತಯಾರಕ’ ಎಂದಷ್ಟೇ ಇತ್ತು. ಆದರೆ ಹೆಸರು ಯಾರಿಗೆ ಗೊತ್ತಿರಲಿಲ್ಲ?

ಭಟ್ಟರು ವೈದ್ಯರು ಹೇಳಿದಷ್ಟು ದಿನ ಮಾತ್ರೆ ನುಂಗಿದರು. ಆಮೇಲೆ ತಿಂಗಳಿಗೊಮ್ಮೆ ಮಾದರಿ. ಮೊದಲ ತಿಂಗಳು ಏನೂ ಸಿಗಲಿಲ್ಲ. ಎರಡನೆಯದರಲ್ಲೂ ಇಲ್ಲ, ಮೂರರಲ್ಲೂ ಇಲ್ಲ. ಸಂಶಯಕ್ಕೆ ಎಡೆಯಿಲ್ಲದಿರಲೆಂದು ವೈದ್ಯರು ಮತ್ತೆರಡು ಸಲ ಮಾಡಿಸಿದರು. ಅದರಲ್ಲೂ ಇಲ್ಲ. ಕಾಗದದ ಮೇಲೆ ಅವರು ಶುದ್ಧರಾದರು. ಒಲೆಯ ಕಡೆ ಮಾತ್ರ ಹೋಗಲಿಲ್ಲ. ಜಯಪುರದ ಅಡಿಕೆ ಮಂಡಿಯೊಂದರಲ್ಲಿ ಚೀಲಕ್ಕೆ ಹೊಲಿಗೆ ಹಾಕುವ ಕೆಲಸ ಹಿಡಿದರು. ಪದ್ಯ ಹೇಳುವುದನ್ನೂ ಬಿಟ್ಟಿದ್ದರು. ಕೇಳಿದರೆ, “ಅದು ಬೇಳೆ ಬೇಯಿಸೂದಕ್ಕೆ ಹೇಳೂದು, ಚೀಲಕ್ಕೆ ಎಂತಕ್ಕೆ?” ಎನ್ನುತ್ತಿದ್ದರು.

ಆ ಕೈಯಿಂದ ಕೆಲಸ ಕಿತ್ತುಕೊಂಡವಳು ತಾನು, ತಿರುಗಿ ಕೊಡಬೇಕಾದವಳೂ ತಾನೇ ಎಂದು ಅರ್ಪಣಾಳ ಮನಸ್ಸು ಹಗಲೂ ಇರುಳೂ ಹೇಳುತ್ತಿತ್ತು. ಎರಡು ಸಲ ಹೇಳಿ ನೋಡಿದ್ದಳು. ಭಟ್ಟರು ಬೇರೆ ಮಾತು ತೆಗೆದಿದ್ದರು.

ವರ್ಷ ತುಂಬುತ್ತ ಬಂದಾಗ ಶಾಂತಕ್ಕನ ಮಗಳು ಮಾಲತಿ ಪ್ರಯೋಗಾಲಯ ಹುಡುಕಿಕೊಂಡು ಬಂದಳು. ನರಸಿಂಹರಾಜಪುರದಲ್ಲಿ ಅಂಗನವಾಡಿಯಲ್ಲಿ ಕೆಲಸ ಮಾಡುವವಳು, ನಲವತ್ತರ ಹೆಂಗಸು.

“ಅಮ್ಮನ ವರ್ಷಾಂತಿಕ ಬಂತು ಅರ್ಪಣಾ. ಅಡುಗೆಗೆ ಸುಬ್ರಾಯಣ್ಣನೇ ಆಗ್ಬೇಕು ಅಂತ ನನಗೆ. ನಾನೊಬ್ಬಳೇ ಹೋದ್ರೆ ಅವನು ಮುಖ ಕೊಡೂದಿಲ್ಲ. ನೀನೂ ಬಾ.”

ಯಾರಿಗೆ ಸಿಟ್ಟಾಗಲು ಎಲ್ಲರಿಗಿಂತ ಹೆಚ್ಚು ಕಾರಣವಿತ್ತೋ ಅವಳೇ ಕೇಳುತ್ತಿದ್ದಾಳೆ. ಇದಕ್ಕಿಂತ ದೊಡ್ಡ ಪರೀಕ್ಷೆಯ ಕಾಗದ ಇನ್ನು ಯಾವುದು ಎಂದು ಅರ್ಪಣಾ ಐದೂ ವರದಿಗಳನ್ನು ಕವರಿನಲ್ಲಿ ಹಾಕಿಕೊಂಡು ಹೊರಟಳು.

ಭಟ್ಟರು ಮಂಡಿಯಿಂದ ಆಗಷ್ಟೇ ಬಂದಿದ್ದರು. ಮಾಲತಿಯನ್ನು ಕಂಡು ಎದ್ದು ನಿಂತು ಗೋಡೆಯ ಕಡೆ ಸರಿದರು. ಅರ್ಪಣಾ ಕೈಕಾಲು ತೊಳೆಯಲು ಬಚ್ಚಲಿಗೆ ಹೋದಾಗ ಕಿಟಕಿಯ ಕಟ್ಟೆಯ ಮೇಲೆ ಸೋಪು ಕಂಡಿತು. ತಿಕ್ಕಿ ತಿಕ್ಕಿ ಸವೆದು ಉಗುರಿನಷ್ಟು ತೆಳುವಾದದ್ದು. ಪಕ್ಕದಲ್ಲಿ ಇನ್ನೂ ಬಿಚ್ಚದ ಸೋಪುಗಳು ಆರೋ ಏಳೋ ಒಂದರ ಮೇಲೊಂದು. ಹೊರಗೆ ಬಂದು ಮಾವನ ಕೈ ನೋಡಿದಳು. ಬೆರಳ ಸಂದುಗಳು ಒಡೆದು ಬೆಳ್ಳಗಾಗಿದ್ದವು.

ಮಾಲತಿ ಆಗಲೇ ಮಾತು ಶುರು ಮಾಡಿದ್ದಳು.

“ನನಗೆ ನಿನ್ನ ಮೇಲೆ ಸಿಟ್ಟಿಲ್ಲ ಸುಬ್ರಾಯಣ್ಣ. ಮೊದಲು ಇತ್ತು. ಸುಳ್ಳು ಹೇಳೂದಿಲ್ಲ. ನಿನ್ನ ಹೆಸರು ಕೇಳಿದ್ರೆ ಮೈ ಉರೀತಿತ್ತು. ಈಗ ಇಲ್ಲ. ನೀನು ಬೇಕೂ ಅಂತ ಮಾಡಿದ್ದಲ್ಲ.”

“ಕೂತುಕೊ ಮಾಲತಿ.”

“ಕೂರೂದಿಲ್ಲ, ಮೊದಲು ಅಡುಗೆಗೆ ಬತ್ತೆ ಅಂತ ಹೇಳು. ಅಮ್ಮ ಮೂವತ್ತು ವರ್ಷ ನಿನ್ನ ಒಲೆ ಪಕ್ಕದಲ್ಲೇ ಕೂತವಳು. ಅವಳ ವರ್ಷಾಂತಿಕಕ್ಕೆ ಯಾರೋ ಗುರುತಿಲ್ಲದವನು ಬಂದು ಅನ್ನ ಬೇಯಿಸೂದಾ?”

ಅರ್ಪಣಾ ಕವರು ತೆಗೆದಳು. “ಐದು ಸಲ ಆಯ್ತು ಮಾವ. ಐದರಲ್ಲೂ ಇಲ್ಲ. ಡಾಕ್ಟ್ರೇ ಬರೆದುಕೊಟ್ಟಿದಾರೆ, 'ಅಡುಗೆ ಮಾಡಬಹುದು' ಅಂತ. ಬೇಕಾದ್ರೆ ಹಿಂದಿನ ದಿನ ನಾನೇ ಬಂದು ಮತ್ತೊಂದು ಸಲ ಪರೀಕ್ಷೆ ಮಾಡ್ತೇನೆ. ಇನ್ನೆಂತ ಬೇಕು ನಿಮಗೆ?”

ಭಟ್ಟರು ಕಾಗದಗಳನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಅವಳು ಹಿಡಿದಲ್ಲಿಂದಲೇ ಒಂದೊಂದನ್ನೂ ನಿಧಾನವಾಗಿ ಓದಿದರು.

“ನಿನ್ನ ಕಾಗದ ಸುಳ್ಳು ಹೇಳ್ತದೆ ಅಂತಲ್ಲ ಕೂಸೆ. ನಾನು ಮಿಂದು ಬಂದು ಕೊಳಗಕ್ಕೆ ಕೈ ಇಳಿಸುವಾಗ ನನ್ನ ಒಳಗೆ ಒಂದು ಇತ್ತು, ಇದು ಶುದ್ಧ ಅಂತ. ಕೇಳೂದೇ ಬೇಡ, ಹಾಗೆ ಇತ್ತು. ಅದರ ಬಲದಲ್ಲೇ ನಾನು ಒಂದು ತುತ್ತೂ ಬಾಯಿಗೆ ಹಾಕದೆ ಸಾವಿರ ಜನಕ್ಕೆ ಬಡಿಸಿದ್ದು. ಈಗ ಒಳಗೆ ನೋಡಿದ್ರೆ ಅದು ಇಲ್ಲ. ಯಾವ ಟ್ಯೂಬಿನಲ್ಲಿ ಹುಡುಕ್ತೆ ಅದನ್ನ?”

ಅರ್ಪಣಾ ಕಾಗದಗಳನ್ನು ಮತ್ತೆ ಕವರಿಗೆ ಹಾಕಿದಳು. ಮಾಲತಿ ಮಾತ್ರ ಬಿಡಲಿಲ್ಲ.

“ಹಾಗಾದ್ರೆ ಕೈ ಹಾಕಬೇಡ. ಕೋಸಂಬರಿ ಬೇಡ, ಹಸಿಯದ್ದು ಯಾವುದೂ ಬೇಡ. ನಾವು ಹೆಂಗಸರೇ ಮಾಡ್ತೇವೆ. ನೀನು ಒಲೆ ಹತ್ತಿರ ಮಣೆ ಹಾಕಿ ಕೂತು ಇಷ್ಟು ಉಪ್ಪು, ಇಷ್ಟು ಹುಳಿ ಅಂತ ಹೇಳು, ಸಾಕು. ಅಷ್ಟೂ ಆಗೂದಿಲ್ವಾ? ಅಮ್ಮನಿಗೋಸ್ಕರ?”

ಅವಳ ಕಣ್ಣು ತುಂಬಿತ್ತು. ಅರ್ಪಣಾ ಮಾವನ ಮುಖವನ್ನೇ ನೋಡುತ್ತಿದ್ದಳು. ಭಟ್ಟರು ಬಾಗಿಲ ಹತ್ತಿರ ಹೋಗಿ ಮಾಲತಿ ಬಿಟ್ಟಿದ್ದ ಚಪ್ಪಲಿಗಳನ್ನು ಬಗ್ಗಿ ಹೊರಮುಖವಾಗಿ ತಿರುಗಿಸಿ ಇಟ್ಟರು. ಆಮೇಲೆ ನೆಟ್ಟಗೆ ನಿಂತು ಹೇಳಿದರು.

“ಇಲ್ಲ ಮಾಲತಿ. ನಾನು ಬರೂದಿಲ್ಲ.”